ಬೆರಳಿಗೆ ಅಂಟಿದ ಮಿಸ್ರಿ

ರೊಟ್ಟಿಗೆ ಕೆಂಪು ಮೆಣಸಿನಕಾಯಿಯ ರಂಜಕ ಹಚ್ಚಿಕೊಂಡು ತಿನ್ನುವಾಗ ಕೆನ್ನೆಯೊಳಗೆ ಬೆಂಕಿ ಇಟ್ಟಂತಾಯಿತು. ಹಾಲಲ್ಲಿ ನೆನೆಸಿ ತಿಂದರೂ ಉರಿ. ಆಗ ನಾವು ಮಹಾರಾಷ್ಟ್ರದ ಇಚಲಕರಂಜಿಯಲ್ಲಿದ್ದೆವು. ಮಗ ಮಗ್ಗದ ಪಾಳಿ ಬಿಟ್ಟು ನನ್ನನ್ನು ಕೊಲ್ಹಾಪುರದ ದವಾಖಾನೆಗೆ ಕರೆದೊಯ್ದ. ಡಾಕ್ಟರು ಟಾರ್ಚ್ ಹಿಡಿದು ನೋಡಿದರು. ಬಿಳಿ ಮಚ್ಚೆ. ಬಯಾಪ್ಸಿ ಎಂದು ಚೂರು ಕಿತ್ತರು. ವಾರದ ಮೇಲೆ ವರದಿ ಬಂತು.

"ಆಜಿ, ಕ್ಯಾನ್ಸರ್ ನಾಹೀ. ಪಣ ಮಿಸ್ರಿ ಸೋಡಲೀ ನಾಹೀ ತರ ಹೋಯೀಲ" ಎಂದರು. ಈಗ ಕ್ಯಾನ್ಸರ್ ಅಲ್ಲ, ಮಿಸ್ರಿ ಬಿಡದಿದ್ದರೆ ಆಗುತ್ತದೆ ಎಂದು.

ತಂಬಾಕನ್ನು ಹಂಚಿನ ಮೇಲೆ ಕಪ್ಪಗೆ ಹುರಿದು ಪುಡಿ ಮಾಡಿದರೆ ಮಿಸ್ರಿ. ಅದನ್ನು ಒಸಡಿಗೆ ತಿಕ್ಕದೆ ನಮ್ಮ ಓಣಿಯ ಹೆಂಗಸರು ಒಲೆ ಹೊತ್ತಿಸುತ್ತಿರಲಿಲ್ಲ. ಎಲ್ಲರಿಗೂ ನಾನು ಹುರಿದದ್ದೇ ಬೇಕು. ಅದು ನನಗೊಂದು ದೊಡ್ಡಸ್ತಿಕೆ. ಸೊಸೆ ಗಂಗವ್ವ ನೂಲ ಎಂಬ ಊರಿನಿಂದ ಮದುವೆಯಾಗಿ ಬಂದ ಹೊಸದರಲ್ಲಿ ಹಲ್ಲುನೋವೆಂದು ಅತ್ತಾಗ ಅವಳ ಬಾಯಿಗೂ ಮಿಸ್ರಿ ಹಚ್ಚಿದವಳು ನಾನೇ.

ಇಬ್ಬರೂ ಒಟ್ಟಿಗೆ ಬಿಟ್ಟೆವು. ನನಗೆ ತಲೆ ಭಾರ, ಹೊಟ್ಟೆ ಕಟ್ಟಿತು, ಉಪ್ಪು ಕಡಿಮೆಯಾದರೂ ಜಗಳ. ಗಂಗವ್ವ ಮಾತ್ರ ಸುಮ್ಮನಿದ್ದಳು. ದಸರೆಯಿಂದ ಸಂಕ್ರಾಂತಿಯವರೆಗೆ ಹಾಗೂ ಹೀಗೂ ತಳ್ಳಿದೆ.

ಆಮೇಲೆ ಪಕ್ಕದ ಮನೆಯ ಶೇವಂತಾಬಾಯಿ ತಂಬಾಕು ತಂದಳು. "ನೀವು ತಿಕ್ಕಬ್ಯಾಡ್ರಿ ಮಾವಶಿ. ಬರೇ ಹುರದು ಕೊಡ್ರಿ. ನಾ ಹುರದ್ರ ಇದ್ದಲಿ ಆಗತೈತಿ."

ಹುರಿಯುವುದಷ್ಟೇ ತಾನೇ ಎಂದು ಕುಳಿತೆ. ಹದ ಬಂತೇ ಎಂದು ಬೆರಳಲ್ಲಿ ಚೂರು ತೆಗೆದೆ.

ಬೆರಳು ಬಾಯಲ್ಲಿತ್ತು.

ಗಂಗವ್ವ ನೀರಿನ ಕೊಡ ಹೊತ್ತು ಬಂದಳು. ಮಾತಾಡಿದರೆ ಕಪ್ಪು ಹಲ್ಲು ಕಾಣುತ್ತದೆಂದು ನಾನು ತುಟಿ ಬಿಗಿದು ಕುಳಿತೆ. ನನ್ನ ಮನೆಯಲ್ಲಿ ನಾನೇ ಕಳ್ಳಿ. ಹೇಗೂ ಕೆಟ್ಟೆ ಎಂದು ಮರುದಿನವೂ ತಿಕ್ಕಿದೆ. ನಾಚಿಕೆ ತಾಳದೆ ತಿಕ್ಕುವುದು, ತಿಕ್ಕಿದ್ದಕ್ಕೆ ಮತ್ತೆ ನಾಚಿಕೆಪಡುವುದು. ನನ್ನ ಕೈಯಿಂದ ಕಲಿತವಳು ಬಿಟ್ಟಳು, ಕಲಿಸಿದ ನಾನು ಬಿಡಲಾರದೆ ಹೋದೆ ಎಂಬುದು ಮಚ್ಚೆಗಿಂತ ಹೆಚ್ಚು ಉರಿಯುತ್ತಿತ್ತು.

ಕಡೆಗೆ ಅವಳಿಗೇ ಹೇಳಿದೆ. "ನನ್ನ ಕಡಿಂದ ಆಗಂಗಿಲ್ಲ ಬಿಡವಾ. ಸತ್ರ ಸಾಯ್ತೇನಿ."

"ಸಾಯ್ರಿ ಅತ್ತಿ. ನನ್ನ ಯಾಕ ಸಂಗಾಟ ಎಳೀತೀರಿ? ನೀವು ಹುರಿಯೂ ದಿನ ಆ ವಾಸನಿ ಬಡದು, ಕೊಡ ತಗೊಂಡು ನಳದ ಕಡೆ ಓಡಿದ್ನಿ. ನನಗ ಸಲೀಸ ಆಗೇತಿ ಅಂದ್ಕೊಂಡೀರೇನು?"

ನನಗೆ ಗೊತ್ತೇ ಇರಲಿಲ್ಲ.

ಶೇವಂತಾಬಾಯಿ ಮತ್ತೆ ಬಂದಾಗ ಬಾಗಿಲಲ್ಲೇ ಹಂಚು ಅವಳ ಕೈಗಿಟ್ಟೆ. "ಇನ್ನ ಈ ಮನ್ಯಾಗ ಹುರಿಯಂಗಿಲ್ಲ."

"ಮುದಕಿಗೆ ಸೊಕ್ಕ ಬಂತೇನ್ರಿ?"

"ಬಂದೈತಿ. ನಡಿ."

ಮುಂದಿನ ಸಲ ಡಾಕ್ಟರಿಗೆ ನಡುವೆ ಜಾರಿ ಮತ್ತೆ ತಿಕ್ಕಿದ್ದನ್ನೂ ಹೇಳಿದೆ. ಮಚ್ಚೆ ಹೋಗಿಲ್ಲ, ಬೆಳೆದೂ ಇಲ್ಲ, ನೋಡುತ್ತಿರಬೇಕು ಎಂದರು. ಅಷ್ಟು ಸಾಕು.

ಈಗ ಬೆಳಿಗ್ಗೆ ರೊಟ್ಟಿ ಬಡಿಯುವ ಮೊದಲು ಅತ್ತೆ ಸೊಸೆ ಒಬ್ಬರಿಗೊಬ್ಬರು ಬಾಯಿ ತೆರೆದು ತೋರಿಸುತ್ತೇವೆ. ಸಂತೆಯಲ್ಲಿ ಕುರಿಯ ಹಲ್ಲು ನೋಡುವವರ ಹಾಗೆ ಅವಳು ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸುತ್ತಾಳೆ. ಈ ವಯಸ್ಸಿನಲ್ಲಿ ಸೊಸೆಯ ಮುಂದೆ. ನಾಚಿಕೆಯಾಗುತ್ತದೆ.

ತೆರೆಯುತ್ತೇನೆ.