ಚಿಕ್ಕಮ್ಮ ಅಳಿಸದೆ ಬಿಟ್ಟ ಹಳೆಯ ಕರ್ನಲ್

ದೇವರಾಜ ಮೊಹಲ್ಲಾದಲ್ಲಿ ಚಿಕ್ಕಮ್ಮನದು ಲಗ್ನಪತ್ರಿಕೆ ಮಾಡಿಕೊಡುವ ಪುಟ್ಟ ಅಂಗಡಿ. ಅಲ್ಲಿನ ಕಂಪ್ಯೂಟರಿಗೆ ವಾದ ಮಾಡಿಯೇ ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆ ಹಾಕಿಸಿದ್ದೆ. ಅಪ್‌ಡೇಟ್ ಆದ ಮೇಲೂ ಉಳಿದುಕೊಳ್ಳುವ ಹಳೆಯ ಕರ್ನಲ್, ಅಂದರೆ ಲಿನಕ್ಸಿನ ತಿರುಳು, ಬರೀ ದಂಡ, ಅಳಿಸಬೇಕು ಎಂದೂ ವಾದಿಸಿದ್ದೆ.

"ವಾದದಲ್ಲಿ ನೀನೇ ಗೆದ್ದೆ ಕಣೋ. ಆದ್ರೂ ಅದು ಅಲ್ಲೇ ಬಿದ್ದಿರ್ಲಿ ಬುಡು" ಅಂದಿದ್ದರು ಚಿಕ್ಕಮ್ಮ. ಇದು ಉತ್ತರವೇ ಅಲ್ಲ ಎಂದು ರೇಗಿದ್ದೆ.

ಕಳೆದ ತಿಂಗಳು ಒಂದು ಮಧ್ಯಾಹ್ನ ನಾನು ಅಪ್‌ಡೇಟ್ ಶುರು ಮಾಡಿದೆ. ಅರ್ಧದಲ್ಲೇ ಕರೆಂಟು ಹೋಯಿತು. ಯುಪಿಎಸ್ ಬ್ಯಾಟರಿ ಸತ್ತಿದೆ, ಹೊಸದು ಹಾಕಿಸು ಎಂದು ಚಿಕ್ಕಮ್ಮ ಮೊದಲೇ ಹೇಳಿದ್ದರು, ಅದಕ್ಕೂ ನಾನು ಎದುರು ವಾದಿಸಿದ್ದೆ. ಕರೆಂಟು ಬಂದ ಮೇಲೆ ಆನ್ ಮಾಡಿದರೆ ಪರದೆಯಲ್ಲಿ ನಾಲ್ಕು ಸಾಲು ಮೂಡಿ ಎಲ್ಲ ನಿಂತುಬಿಟ್ಟಿತು. ಸಂಜೆ ಅಚ್ಚಿಗೆ ಹೋಗಬೇಕಿದ್ದ ಲಗ್ನಪತ್ರಿಕೆ ಅದರೊಳಗಿತ್ತು. ಮದುಮಗಳ ತಾಯಿ ಎದುರಿಗೇ ಕುಳಿತಿದ್ದರು.

"ಏನಾಯ್ತಪ್ಪ?" ಎಂದು ಅವರು ಕೇಳಿದರು.

"ಮಿಷಿನ್ ಜೊತೆ ವಾದ ಮಾಡ್ತಾವ್ನೆ ಕಣಮ್ಮ, ಗೆಲ್ಲೋವರ್ಗೂ ಕಾಯ್ಬೇಕು" ಎಂದರು ಚಿಕ್ಕಮ್ಮ.

ಮತ್ತೆ ಆನ್ ಮಾಡಿ, ಯಾವ ಕರ್ನಲಿನಿಂದ ಶುರುವಾಗಬೇಕು ಎಂದು ಆರಿಸುವ ಆರಂಭದ ಪಟ್ಟಿ ತೆರೆದೆ. ಅರ್ಧಕ್ಕೇ ನಿಂತಿದ್ದ ಹೊಸ ಕರ್ನಲಿನ ಕೆಳಗೆ ಹಳೆಯದು ಹಾಗೇ ಇತ್ತು. ಅದನ್ನು ಆರಿಸಿದೆ, ಕಂಪ್ಯೂಟರ್ ಎದ್ದಿತು. ಪತ್ರಿಕೆಯನ್ನು ಅಚ್ಚಿಗೆ ಕಳಿಸಿ, ನಿಂತುಹೋಗಿದ್ದ ಅಪ್‌ಡೇಟನ್ನೂ ಅಲ್ಲಿಂದಲೇ ಮುಗಿಸಿದೆ.

ಚಿಕ್ಕಮ್ಮನ ಮಾತಿಗೆ ಆಧಾರವಿರಲಿಲ್ಲ ಎಂದು ಈಗಲೂ ಅನ್ನುತ್ತೇನೆ. ಆದರೆ ನಾನು ಗೆದ್ದ ವಾದವನ್ನು ಅವರು ಪಾಲಿಸದೆ ಇದ್ದುದಕ್ಕೆ ಋಣಿಯಾಗಿದ್ದೇನೆ. ಅಂದು ಸಂಜೆಯೇ ಯುಪಿಎಸ್‌ಗೆ ಹೊಸ ಬ್ಯಾಟರಿ ತಂದು ಹಾಕಿದೆ, ಎದುರು ಮಾತಾಡದೆ.