ಬಸ್‌ಸ್ಟ್ಯಾಂಡ್ ಎದುರಿನ ಜಾಲರಿ ಗೋಡೆ

ಪೊನ್ನಂಪೇಟೆ ಹೊಸ ತಾಲ್ಲೂಕಾಗಿ ಕೆಲವು ವರ್ಷಗಳಾಗಿದ್ದವು. ಆಗ ನಾನು ದಕ್ಷಿಣ ಕೊಡಗಿನ ಒಂದು ಸಣ್ಣ ಪಟ್ಟಣದ ಪಂಚಾಯಿತಿಯಲ್ಲಿ ಎಂಜಿನಿಯರ್. ಕಟ್ಟಡದ ನಕ್ಷೆ ಪರಿಶೀಲಿಸಿ ಪರವಾನಗಿಗೆ ಶಿಫಾರಸು ಮಾಡುವುದು ನನ್ನ ಕೆಲಸ. ಪ್ರವಾಸಿಗರು ಹೆಚ್ಚಿದಂತೆ ಹೋಟೆಲು, ಕಾಂಪ್ಲೆಕ್ಸುಗಳು ಒಂದರ ಹಿಂದೊಂದು ಏಳುತ್ತಿದ್ದವು.

ನಮ್ಮ ಬೈಲಾದಲ್ಲಿ, ಅಂದರೆ ಪಂಚಾಯಿತಿಯ ಉಪನಿಯಮದಲ್ಲಿ, ಅಪರೂಪದ ಒಂದು ಷರತ್ತಿತ್ತು. ದೊಡ್ಡ ವಾಣಿಜ್ಯ ಕಟ್ಟಡ ಕಟ್ಟುವವರು ಸಾರ್ವಜನಿಕರಿಗಾಗಿ ಒಂದು ಕಲಾಕೃತಿ ಇಡಬೇಕು. ಓ.ಸಿ., ಎಂದರೆ ಕಟ್ಟಡ ಬಳಕೆಗೆ ಯೋಗ್ಯ ಎಂಬ ಪತ್ರ, ಪಡೆಯುವ ಹೊತ್ತಿಗೆ ಅದು ಇದ್ದರೆ ಸಾಕು. ಹಾಗಾಗಿ ಎಲ್ಲರೂ ಕೊನೇ ಗಳಿಗೆಯಲ್ಲಿ ಒಂದೇ ಅಂಗಡಿಯಿಂದ ಫೈಬರ್ ಆನೆ ತರಿಸಿ ಗೇಟಿನೊಳಗೆ ನಿಲ್ಲಿಸುತ್ತಿದ್ದರು. ದುಬಾರೆಯಲ್ಲಿ ನಿಜವಾದ ಆನೆ ಮೈತೊಳೆಸಿಕೊಳ್ಳುವುದನ್ನು ನೋಡಿ ಬಂದವರು ಇದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

"ಈ ನಿಯಮ ಸರಿ ಮಾಡಿ ಮೇಡಂ. ಇಲ್ಲದಿದ್ರೆ ಸದಸ್ಯರು ತೆಗೆದೇ ಹಾಕ್ತಾರೆ," ಎಂದರು ಮುಖ್ಯಾಧಿಕಾರಿಗಳು.

ಹೊಸ ಕರಡು ಬರೆದು ಆಕ್ಷೇಪಣೆಗೆ ಜನರನ್ನು ಕರೆದೆವು. ಮೊದಲು ಎದ್ದವರು ಬಿಲ್ಡರ್ ಪೂಣಚ್ಚ. ಬಸ್‌ಸ್ಟ್ಯಾಂಡ್ ಎದುರು ಅವರ ಕಾಂಪ್ಲೆಕ್ಸಿಗೆ ಆಗಷ್ಟೇ ಪಿಲ್ಲರ್ ಎದ್ದಿತ್ತು. "ಇದೆಲ್ಲ ದಂಡ. ಕಲೆ ನೋಡೋಕೆ ಯಾರು ಬರ್ತಾರೆ?" ಎಂದರು. ಹಿಂದಿನ ಸಾಲಿನಿಂದ ಹೈಸ್ಕೂಲಿನ ಡ್ರಾಯಿಂಗ್ ಟೀಚರ್ ದಮಯಂತಿ ಮಾತಾಡಿದರು. "ಕಟ್ಟಿ ಮುಗಿದ ಮೇಲೆ ನಮ್ಮನ್ನು ಕರೆದ್ರೆ ನಾವು ಎಂಥ ಮಾಡೋದು ಸಾರ್? ಗೋಡೆ ಏಳೋಕೆ ಮುಂಚೆ ಕರೀರಿ."

ನನಗೆ ರೋಮಾಂಚನವಾಯಿತು. ನಾನು ತಿಂಗಳಿಂದ 'ಕಲಾಕೃತಿ' ಎಂಬ ಪದಕ್ಕೆ ವ್ಯಾಖ್ಯೆ ಬರೆದು ಬರೆದು ಹೊಡೆದು ಹಾಕುತ್ತಿದ್ದೆ. ತಿದ್ದಬೇಕಾದದ್ದು ಪದವನ್ನಲ್ಲ, ಸಮಯವನ್ನು! ಕಲಾವಿದರು ನಕ್ಷೆಯ ಹಂತದಲ್ಲೇ ಬರಬೇಕು; ಕೃತಿ ರಸ್ತೆಯಲ್ಲಿ ಹೋಗುವವರಿಗೆ ಸಿಗಬೇಕು. ಆ ಎರಡೇ ಮಾತು ಉಳಿಸಿ ಕರಡನ್ನು ಹೊಸದಾಗಿ ಬರೆದೆ.

ಸದಸ್ಯರಿಗೆ ನಂಬಿಕೆ ಬರಲಿಲ್ಲ. "ಒಂದು ಕಡೆ ಮಾಡಿ ತೋರಿಸಿ, ಆಮೇಲೆ ವೋಟು," ಎಂದರು ಅಧ್ಯಕ್ಷೆ. ನಾನು ನೇರ ಪೂಣಚ್ಚನವರ ಸೈಟಿಗೆ ಹೋದೆ. ಹಳೇ ನಿಯಮದಂತೆ ಅವರು ಹೇಗೂ ಏನಾದರೂ ಇಡಲೇಬೇಕಿತ್ತು. ರಸ್ತೆಗೆ ಮುಖ ಮಾಡಿದ ಮೆಟ್ಟಿಲ ಕಡೆಯ ಗೋಡೆಗೆ ಗಾಳಿ, ಬೆಳಕೂ ಬೇಕಿತ್ತು. "ಸರಿ ಮೇಡಂ, ಆ ಗೋಡೆ ನಿಮ್ಮ ಟೀಚರಿಗೆ. ಕೆಲಸ ಮಾತ್ರ ನಿಲ್ಲಬಾರದು," ಎಂದರು.

ದಮಯಂತಿ ಕಾಫಿ ಹೂ, ಮೆಣಸಿನ ಬಳ್ಳಿ ಬಿಡಿಸಿ ಅಚ್ಚು ಮಾಡಿಸಿದರು. ಮೇಸ್ತ್ರಿಗಳು ಸಿಮೆಂಟ್ ಜಾಲರಿ ಎರಕ ಹೊಯ್ದು ಗೋಡೆಯಾಗಿ ಕೂರಿಸಿದರು. ಬಿಸಿಲು ಬಂದ ಬೆಳಿಗ್ಗೆ ಅದರೊಳಗಿಂದ ಹೂವಿನ ಬೆಳಕು ಫುಟ್‌ಪಾತಿಗೆ ಬಿತ್ತು. ಶ್ರೀಮಂಗಲದ ಬಸ್ಸಿಗೆ ಕಾಯುತ್ತಿದ್ದ ಕಾಫಿ ಹಣ್ಣು ಕೊಯ್ಯುವ ಹೆಂಗಸರು ಅಂಗೈ ಚಾಚಿ ಹೂ ಹಿಡಿಯುತ್ತಾ ನಗುತ್ತಿದ್ದುದನ್ನು ಕಂಡು ನಾನು ಸದಸ್ಯರನ್ನು ಕರೆಸಲು ಆಫೀಸಿಗೆ ಹೆಚ್ಚುಕಡಿಮೆ ಓಡಿದೆ.

ಆದರೆ ಸದಸ್ಯರು ಪರಿಶೀಲನೆಗೆ ಬಂದ ಮಧ್ಯಾಹ್ನ ಮೋಡ ಕವಿದು ಕತ್ತಲಾಗಿ ಜಿಟಿಜಿಟಿ ಮಳೆ. ಕೊಡೆ ಹಿಡಿದ ಒಬ್ಬ ಸದಸ್ಯರು ಕೇಳಿದರು: "ಎಲ್ಲಮ್ಮಾ ನಿಮ್ಮ ಹೂವು?" ದಮಯಂತಿ ನೆಲ ನೋಡುತ್ತಾ ನಿಂತರು.

ಆಗ ಪೂಣಚ್ಚ ಮೆಟ್ಟಿಲ ಕಡೆ ತಿರುಗಿ ಕೂಗಿದರು: "ಏಯ್, ಆ ಫೋಕಸ್ ಲೈಟ್ ಹಾಕ್ರೋ!" ಒಳಗೆ ಗಾರೆಯವರ ದೊಡ್ಡ ದೀಪ ಹೊತ್ತಿತು. ಒದ್ದೆ ರಸ್ತೆ, ನಿಂತ ಬಸ್ಸು, ಕೊಡೆಗಳು, ಸದಸ್ಯರ ಬಿಳಿ ಅಂಗಿ, ಎಲ್ಲದರ ಮೇಲೂ ಹೂ ಬಿಟ್ಟಿತು. ಬಸ್‌ಸ್ಟ್ಯಾಂಡಿನಿಂದ ಒಂದು ಸೀಟಿ, ಹಿಂದೆಯೇ ಚಪ್ಪಾಳೆ.

"ಯಾರು ಬರ್ತಾರೆ ಅಂದಿದ್ದೆ. ನೋಡಿ, ಬಂದಿದ್ದಾರೆ," ಎಂದರು ಪೂಣಚ್ಚ, ತಾವೇ ಗೆದ್ದವರಂತೆ. ಸಂಜೆಯ ಸಭೆಯಲ್ಲಿ ತಿದ್ದುಪಡಿಗೆ ವಿರೋಧವಾಗಿ ಒಂದು ಕೈಯೂ ಏಳಲಿಲ್ಲ.

ಯಾವ ನಿಯಮಕ್ಕೂ ಚೆಲುವನ್ನು ಹುಟ್ಟಿಸುವ ಶಕ್ತಿಯಿಲ್ಲ. ಹುಟ್ಟಿಸಬಲ್ಲವರನ್ನು ಸರಿಯಾದ ಹೊತ್ತಿಗೆ ಒಳಗೆ ಕರೆಯುವ ಶಕ್ತಿ ಮಾತ್ರ ಅದಕ್ಕಿದೆ. ಈಗ ಯಾವುದೇ ನಕ್ಷೆ ನನ್ನ ಮೇಜಿಗೆ ಬಂದರೂ ಅಳತೆ ನೋಡುವ ಮುಂಚೆ ಕೇಳುತ್ತೇನೆ: "ಇದನ್ನು ಬರೆಯುವಾಗ ಪಕ್ಕದಲ್ಲಿ ಯಾರ್ಯಾರು ಕೂತಿದ್ದರು?"