ಮೂರನೇ ಹೆಜ್ಜೆ

ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಗುರುತು ಸಿಗುವುದಿಲ್ಲ ಎಂದುಕೊಂಡಿದ್ದ, ಹುಚ್ಚ ಖೋಡಿ. ಬಳ್ಳಾರಿ ಕೋಟೆ ಗುಡ್ಡದ ಕೆಳಗೆ ನಮ್ಮ ಓಣಿಗೂ ಚರಂಡಿಯಾಚೆಯ ಓಣಿಗೂ ಹೊಡೆದಾಟ ಬಿದ್ದ ದಿನ ಅದು. ಮದುವೆ ಮೆರವಣಿಗೆಯೊಂದು ಯಾವ ರಸ್ತೆಯಲ್ಲಿ ಹೋಗಬೇಕು ಅನ್ನುವುದಕ್ಕೆ ಹತ್ತಿದ ಜಗಳ. ಮಧ್ಯಾಹ್ನದ ಹೊತ್ತಿಗೆ ಜೀನ್ಸ್ ಹೊಲಿಯುವ ಮಿಷಿನ್ನುಗಳು ರಸ್ತೆಗೆ ಬಿದ್ದಿದ್ದವು, ಟೈರುಗಳು ಉರಿಯುತ್ತಿದ್ದವು, ಯಾರದೋ ತಲೆಯ ರಕ್ತ ನಮ್ಮ ಕಟ್ಟೆಯ ಮೇಲೆ ಸಿಡಿದಿತ್ತು.

ನನ್ನ ಗಂಡ ನಮ್ಮ ದೊಡ್ಡಾಟದ ಮೇಳದಲ್ಲಿ ಮದ್ದಳೆ ಬಾರಿಸುವವರು. ನಾನು ಅದೇ ಮೇಳದಲ್ಲಿ ರಾಣಿ ಪಾತ್ರ ಕುಣಿಯುವವಳು, ಪದ ಕಟ್ಟುವವಳೂ ನಾನೇ. ಹೊರಗೆ ಒಣಗಲು ಇಟ್ಟಿದ್ದ ಮದ್ದಳೆಯನ್ನು ಅವರು ಒಳಗೆ ತರುತ್ತಿದ್ದಾಗ ಮುಖಕ್ಕೆ ಟವೆಲ್ ಸುತ್ತಿ ರಾಡು ಹಿಡಿದವನೊಬ್ಬ ಎದುರಿಗೆ ಬಂದ. ಹೊಡೆಯುವವನು ಓಡಿ ಬಂದು ಹೊಡೆಯುತ್ತಾನೆ. ಇವನು ನಿಂತ. ಎಡಗಾಲು, ಬಲಗಾಲು, ಮತ್ತೆ ಎಡಗಾಲು, ನೆಲಕ್ಕೆ ಕುಟ್ಟಿದ. ಆಮೇಲೆ ರಾಡು ಎತ್ತಿದ.

ಯಾರೆಂದು ನನಗೆ ಗೊತ್ತಾಯಿತು. ಕತ್ತಿ ಎತ್ತುವ ಮುಂಚೆ ಮೂರು ಹೆಜ್ಜೆ ಕುಟ್ಟುವುದು ನಮ್ಮ ಮೇಳದ ಪದ್ಧತಿ, ಬೇರೆ ಮೇಳದಲ್ಲಿಲ್ಲ. ಅದು ಒಮ್ಮೆ ಮೈಗೆ ಹತ್ತಿದರೆ ಬಿಡುವುದಿಲ್ಲ. ಚರಂಡಿಯಾಚೆಯ ಓಣಿಯಲ್ಲಿ ಅದನ್ನು ಕಲಿತವನು ಒಬ್ಬನೇ. ನಮ್ಮ ಅಂಗಳದಲ್ಲಿ, ನಮ್ಮವರ ಮದ್ದಳೆಗೆ ಕುಣಿದು, ನಾನು ಬಡಿದ ರೊಟ್ಟಿ ತಿಂದು ಕಲಿತಿದ್ದ. ಉಂಡ ಮನೆಯ ಜಂತಿ ಎಣಿಸಬಾರದು ಅನ್ನುತ್ತಾರೆ. ಇವನು ಜಂತಿಯನ್ನೇ ಮುರಿದ.

ಮೂರು ಏಟಿಗೆ ಅವರ ಬಲಗೈ ಜಜ್ಜಿಹೋಯಿತು. ಆಟೋದಲ್ಲಿ ಆಸ್ಪತ್ರೆಗೆ ಒಯ್ಯುವಾಗ ನನ್ನ ಸೀರೆಯೆಲ್ಲ ರಕ್ತ. ಅವರು ಹಲ್ಲು ಕಚ್ಚಿ, “ಮೂರನೇದು ತಡ ಬಿತ್ತು” ಅಂದರು. ನೋವಿಗೆ ಬಡಬಡಿಸುತ್ತಾರೆ ಎಂದುಕೊಂಡೆ.

ನಾನು ಯಾರಿಗೂ ಹೇಳಲಿಲ್ಲ. ನಮ್ಮ ಓಣಿಯ ಹುಡುಗರಿಗೆ ಅವನು ಯಾರೆಂದು ತಿಳಿದಿದ್ದರೆ ಅವತ್ತೇ ಹೆಣ ಬೀಳುತ್ತಿತ್ತು. ಹೆಣ ನನಗೂ ಬೇಕಿತ್ತು. ಆದರೆ ನನ್ನ ಕೈಯಿಂದಲೇ ಬೀಳಬೇಕಿತ್ತು.

ಅವರ ಎರಡು ಬೆರಳು ಮತ್ತೆ ಮಡಚಲಿಲ್ಲ. ಮದ್ದಳೆ ಮೂಲೆ ಸೇರಿತು. ಆ ದಿನಗಳಲ್ಲಿ ನಾನು ಹೊಸ ಆಟ ಕಟ್ಟಿದೆ: ಊರು ಸುಟ್ಟ ವೈರಿಯನ್ನು ರಾಣಿ ಕೊಲ್ಲುವ ಕಥೆ. ಸುಟ್ಟ ಶಟರು, ಬೀದಿಗೆ ಬಿದ್ದ ಮಿಷಿನ್ನು ಎಲ್ಲ ಅದರಲ್ಲಿ ಬಂದವು. “ಸೂಜಿ ಮುರಿದೈತಿ ಊರಾಗ, ಹರಿದದ್ದು ಹೊಲಿಯೋರ್ಯಾರ” ಎಂಬ ಪದ ಫೋನಿನಿಂದ ಫೋನಿಗೆ ಹೋಗಿ ಆಚೆಯ ಓಣಿಯ ಹೆಂಗಸರ ಬಾಯಿಗೂ ಬಂತು. ಅವರ ಮನೆಗಳೂ ಸುಟ್ಟಿದ್ದವಲ್ಲ.

ಸಿರುಗುಪ್ಪ ಕಡೆಯ ಹಚ್ಚೊಳ್ಳಿಯವರು ಆಟಕ್ಕೆ ವೀಳ್ಯ ಕೊಡಲು ಬಂದು, “ಎರಡೂ ಓಣಿಯವ್ರು ಕೂಡಿ ಆಡಿದ್ರ ಮಾತ್ರ ನೋಡ್ರಿ” ಅಂದರು. ವೀಳ್ಯ ಹಿಡಿದ ನನ್ನ ಗಂಡ ನನ್ನ ಕಡೆ ತಿರುಗಿ, “ವೈರಿ ಪಾತ್ರ ಆಚಿ ಓಣಿಯ ನಮ್ಮ ಶಿಷ್ಯಗ ಕೊಡು” ಎಂದರು.

“ಅವನಿಗ್ಯಾಕ್ರೀ?” ಮೈಯೆಲ್ಲ ಉರಿಯಿತು.

“ಅದನ್ನ ಕುಣಿಯೋನು ಮತ್ಯಾರದಾರ?”

ಆಗಲಿ ಅಂದೆ. ಕತ್ತಿ ಹಿಡಿಯುವವಳು ನಾನಲ್ಲವೇ? ಒಬ್ಬರ ಓಣಿಗೆ ಮತ್ತೊಬ್ಬರು ಕಾಲಿಡುವುದಿಲ್ಲ ಅಂದದ್ದಕ್ಕೆ ತಾಲೀಮು ಕುರುಗೋಡಿನಲ್ಲಿ ನಡೆಯಿತು. ಮೂಲೆಯ ಮದ್ದಳೆಯನ್ನು ನಮ್ಮವರು ಮತ್ತೆ ಕೈಗೆತ್ತಿಕೊಂಡರು. ಅಲ್ಲಿಗೂ ಬೇರೆ ಬೇರೆ ಬಸ್ಸಿನಲ್ಲಿ ಹೋದೆವು. ಅವನು ನನ್ನ ಮುಖ ನೋಡಲಿಲ್ಲ.

ರಾತ್ರಿ ಆಟಕ್ಕೆ ಪರವಾನಗಿ ಸಿಗಲಿಲ್ಲ. ಹಚ್ಚೊಳ್ಳಿಯಲ್ಲಿ ಉರಿಬಿಸಿಲಲ್ಲಿ ಆಡಿದೆವು, ಜನ ಟ್ರ್ಯಾಕ್ಟರ್ ಮೇಲೆಲ್ಲ ಹತ್ತಿ ಕೂತಿದ್ದರು. ಕಟ್ಟಿಗೆಯ ಕತ್ತಿ ಬಿಟ್ಟು ಪೆಟ್ಟಿಗೆಯಲ್ಲಿದ್ದ ಹಳೇ ಕಬ್ಬಿಣದ ಕತ್ತಿ ತೆಗೆದುಕೊಂಡಿದ್ದೆ.

ದೊಡ್ಡಾಟದಲ್ಲಿ ಮದ್ದಳೆ ಕೊನೆಯ ಪೆಟ್ಟು ಕೊಡುವವರೆಗೆ ಯಾರೂ ಸಾಯುವಂತಿಲ್ಲ. ಅವನು ತನ್ನ ಮೂರು ಹೆಜ್ಜೆ ಕುಟ್ಟಿದ. ನಾನು ಕುಣಿದು ಕತ್ತಿ ಎತ್ತಿದೆ. ಪೆಟ್ಟು ಬರಲಿಲ್ಲ. ಮತ್ತೊಂದು ಸುತ್ತು ಹಾಕಿದೆ, ಆಗಲೂ ಬರಲಿಲ್ಲ. ಮಡಚದ ಬೆರಳುಗಳಲ್ಲೇ ಅವರು ಬಾರಿಸುತ್ತಲೇ ಇದ್ದರು.

“ಕೊಡ್ರೀ ಪೆಟ್ಟು!” ಎಂದು ಹಲ್ಲು ಕಡಿದೆ. ಇಲ್ಲವೆಂದು ತಲೆಯಾಡಿಸಿದರು.

ಪೆಟ್ಟಿಗೆ ಕಾಯದೆ ಬೀಸಿದೆ. ಅವನ ಭುಜಕೀರ್ತಿ ಸೀಳಿ ಕತ್ತಿ ಮಾಂಸಕ್ಕೆ ಇಳಿಯಿತು, ಕಬ್ಬಿಣ ಎಲುಬಿಗೆ ತಾಗಿದ್ದು ನನ್ನ ಕೈಗೆ ಗೊತ್ತಾಯಿತು. ಜನ ಸಿಳ್ಳೆ ಹೊಡೆದರು. ಕೈಯಲ್ಲಿ ಢಾಲು ಇದ್ದರೂ ಎತ್ತದೆ ಅವನು ಮೊಣಕಾಲೂರಿ ಕುಸಿದ. ಸುಳ್ಳು ಯಾಕೆ ಹೇಳಲಿ, ನನಗೆ ಹಿತವಾಯಿತು. ಎರಡನೇ ಸಲ ಕೊರಳಿಗೆ ಎತ್ತಿದೆ.

ಮದ್ದಳೆ ನಿಂತುಬಿಟ್ಟಿತು.

ನನ್ನ ಕಾಲುಗಳೂ ನಿಂತವು. ಹೊಡೆ ಹೊಡೆ ಎಂದು ಮನಸ್ಸು ಕೂಗುತ್ತಿತ್ತು, ಕೈ ಕೆಳಗಿಳಿಯಲಿಲ್ಲ. ಮದ್ದಳೆಯಿಲ್ಲದೆ ನನ್ನ ಮೈಗೆ ಮುಂದಿನ ಹೆಜ್ಜೆ ಗೊತ್ತೇ ಇರಲಿಲ್ಲ.

ನಮ್ಮವರು ನಮ್ಮಿಬ್ಬರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಅವನಿಗೆ ಅಂದರು, “ಮೂರನೇ ಹೆಜ್ಜಿ ಇವತ್ತೂ ತಡ ಬಿತ್ತಲೇ. ಅವತ್ತೂ ತಡ ಬಿದ್ದಿತ್ತು.”

ಅವನು ತಲೆ ಎತ್ತಿದ. “ಗುರುಗಳ... ನಿಮಗ ಗೊತ್ತಿತ್ತೇನ್ರಿ?”

“ಮಾರಿ ಮುಚ್ಕೊಂಡಿದ್ದಿ. ನನ್ನ ಕಿವಿ ಮುಚ್ಚಿರಲಿಲ್ಲಲೇ. ಏಳು. ಸರಿಯಾಗಿ ಕುಣಿ, ಆಮ್ಯಾಲ ಸಾಯಾಕ ಬಿಡ್ತೀನಿ.”

ಅವನು ಎದ್ದ. ಅಳುತ್ತಲೇ, ರಕ್ತ ಸುರಿಯುತ್ತಲೇ ಮೂರು ಹೆಜ್ಜೆ ಕುಟ್ಟಿದ. ಮೂರನೆಯದು ಮದ್ದಳೆಯ ತಾಳಕ್ಕೆ ಸರಿಯಾಗಿ ಬಿತ್ತು. ನಮ್ಮವರು ಆ ಜಜ್ಜಿದ ಕೈಯಿಂದಲೇ ಕೊನೆಯ ಪೆಟ್ಟು ಕೊಟ್ಟರು. ನಾನು ಕತ್ತಿಯ ಚಪ್ಪಟೆ ಬದಿಯನ್ನು ಅವನ ಕೊರಳಿಗೆ ಮುಟ್ಟಿಸಿದೆ, ಅವನು ಬಿದ್ದ.

ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಆದರೆ ಅವನ ಭುಜದ ರಕ್ತ ನಿಲ್ಲುತ್ತಿರಲಿಲ್ಲ, ಹತ್ತಿರ ಇದ್ದವಳು ನಾನೊಬ್ಬಳೇ. ರಾಣಿಯ ಸೆರಗು ಹರಿದು ಬಿಗಿಯಾಗಿ ಕಟ್ಟಿದೆ.